ಮಳೆ ರಜೆಯಲ್ಲಿ ಮಕ್ಕಳು ಮತ್ತು ಮೊಬೈಲು: ನಾವು ಮಾಡಿಕೊಂಡ ಕ್ರಮ

ಆಷಾಢದ ಮಳೆಯಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಎದ್ದ ಕೂಡಲೇ ಮೊಬೈಲು ಹುಡುಕುವುದಕ್ಕೆ ನ್ಯಾಯವಾದ ಕಾರಣವೇ ಇದೆ: ಇವತ್ತು ಶಾಲೆಗೆ ರಜೆಯಾ? ಸುದ್ದಿ ಬರುವುದು ವಾಟ್ಸಾಪ್‌ ಗ್ರೂಪಿಗೆ. ಅದನ್ನು ನೋಡಿದ ಬೆರಳು ಅಲ್ಲಿಂದ ರೀಲ್ಸಿಗೆ ಜಾರುತ್ತದೆ, ಹಲ್ಲುಜ್ಜುವ ಹೊತ್ತಿಗೆ ಒಂಬತ್ತು. ಹಾಗಾಗಿ ಮೊದಲು ಬದಲಿಸಿದ್ದು ಇದನ್ನೇ. ರಜೆಯ ಸುದ್ದಿಯನ್ನು ದೊಡ್ಡವರು ಓದಿ ಬಾಯಲ್ಲಿ ಹೇಳುತ್ತೇವೆ. ತಿಂಡಿ ಆಗುವವರೆಗೆ ಮಕ್ಕಳ ಕೈಗೆ ಮೊಬೈಲು ಇಲ್ಲ.

ಸಮಯಕ್ಕೆ ಮಿತಿ ಹಾಕುವ ಮುಂಚೆ ಏಳು ದಿನ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕು ಕಾಲಂ ಸಾಕು: ಯಾವಾಗ ಹಿಡಿದರು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು, ಹೇಗೆ ನಿಂತಿತು, ರಾತ್ರಿ ನಿದ್ದೆ ಹತ್ತಿದ್ದು ಎಷ್ಟಕ್ಕೆ. ನಮ್ಮ ಮನೆಯ ಏಳು ಮತ್ತು ಹನ್ನೆರಡು ವರ್ಷದ ಇಬ್ಬರ ಪುಟ ನೋಡಿದರೆ, ರಂಪ ಆಗಿದ್ದು ಹೆಚ್ಚು ನೋಡಿದ ದಿನವಲ್ಲ, ವಿಡಿಯೊ ನಡುವೆ ಕಿತ್ತುಕೊಂಡ ದಿನ. ಬೆಳಗಿನ ಸಿಡುಕು ಹೆಚ್ಚಾಗಿ ಹಿಂದಿನ ರಾತ್ರಿ ತಡವಾದ ನಿದ್ದೆಯ ಫಲ.

ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ಪರದೆ ನೋಡುವುದಕ್ಕೆ ಹೇಳಿದ ಅಳತೆ ಹೀಗಿದೆ: ಎರಡು ವರ್ಷದೊಳಗೆ ಆಗೊಮ್ಮೆ ಈಗೊಮ್ಮೆ ನೆಂಟರ ವಿಡಿಯೊ ಕಾಲ್ ಬಿಟ್ಟು ಏನೂ ಬೇಡ, ಎರಡರಿಂದ ಐದಕ್ಕೆ ಒಂದು ಗಂಟೆಯೊಳಗೆ, ಐದರಿಂದ ಹತ್ತಕ್ಕೆ ಎರಡು ಗಂಟೆಯೊಳಗೆ. ಹತ್ತು ದಾಟಿದ ಮೇಲೆ ನಿದ್ದೆ, ಆಟ, ಓದು, ಮನೆಯವರ ಜೊತೆಯ ಹೊತ್ತನ್ನು ಪರದೆ ತಿನ್ನದಿರಲಿ ಎನ್ನುತ್ತದೆ. ನಾವು ನಿದ್ದೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬಸ್ಸಿಗಾಗಿ ಆರೂವರೆಗೆ ಏಳಬೇಕಾದ ಮಗು ಒಂಬತ್ತಕ್ಕೆ ಮಲಗಿರಬೇಕು. ಅಂದರೆ ಎಂಟಕ್ಕೆ ಮೊಬೈಲು ಜಗಲಿಯ ಗೂಡಿಗೆ.

ಇಲ್ಲಿ ಎಡವುವುದು ಕರೆಂಟಿನಿಂದ. ಸಂಜೆ ಕರೆಂಟು ಹೋಗಿ ರಾತ್ರಿ ಹತ್ತಕ್ಕೆ ಬಂದರೆ, ಚಾರ್ಜಿಗೆ ಹಾಕುವುದು ಹಾಸಿಗೆ ಪಕ್ಕದ ಪ್ಲಗ್ಗಿಗೆ. ಅಲ್ಲಿಗೆ ಕ್ರಮ ಮುರಿಯಿತು. ಮಧ್ಯಾಹ್ನ ಕರೆಂಟು ಇದ್ದಾಗಲೇ ಚಾರ್ಜ್ ಮುಗಿಸಿ, ಮಲಗುವ ಕೋಣೆಯಿಂದ ಚಾರ್ಜರನ್ನೇ ತೆಗೆದುಬಿಡಿ. ಅಲಾರ್ಮಿಗೆ ಬೇರೆ ಗಡಿಯಾರ ತನ್ನಿ. "ಅಲಾರ್ಮಿಗೆ ಬೇಕು" ಎಂಬುದೇ ಮೊಬೈಲು ದಿಂಬಿನ ಕೆಳಗೆ ಹೋಗುವ ದಾರಿ.

ನಿಲ್ಲಿಸುವ ಬಗೆ. "ಇನ್ನೈದು ನಿಮಿಷ" ಎಂದು ಕೂಗುವುದು ಕೆಲಸ ಮಾಡಲಿಲ್ಲ. ವಿಡಿಯೊದೊಳಗಿರುವ ಮಗುವಿಗೆ ಐದು ನಿಮಿಷದ ಅಂದಾಜು ಸಿಗುವುದಿಲ್ಲ. ಬದಲಿಗೆ ಹದಿನೈದು ಇಪ್ಪತ್ತು ನಿಮಿಷದ ಎರಡು ವಿಡಿಯೊ ಮೊದಲೇ ಆರಿಸಿ ಇಳಿಸಿಟ್ಟು, ಯೂಟ್ಯೂಬಿನ ಆಟೋಪ್ಲೇ ಆಫ್ ಮಾಡಿ ಕೊಡುತ್ತೇವೆ. ಎರಡನೆಯದು ಮುಗಿದಾಗ ಪರದೆ ತಾನಾಗಿ ಸುಮ್ಮನಾಗುತ್ತದೆ, ಮಗು ತನ್ನ ಕೈಯಾರೆ ಗೂಡಿಗಿಡುತ್ತದೆ. ಶಾರ್ಟ್ಸ್ ಮಾತ್ರ ಬೇಡವೇ ಬೇಡ. ಅದಕ್ಕೆ ಕೊನೆಯೇ ಇಲ್ಲ, ಕೊನೆಯಿಲ್ಲದ್ದನ್ನು ಮಗು ಎಲ್ಲಿ ನಿಲ್ಲಿಸಬೇಕು?

ಅಪ್ಪನ ಮೊಬೈಲಿನಲ್ಲಿ ನೋಡುವುದಾದರೆ, ಮಕ್ಕಳ ಬಳಕೆಗೆ ಮಿತಿ ಹಾಕುವ ಗೂಗಲ್ಲಿನ ಆ್ಯಪ್ ಫ್ಯಾಮಿಲಿ ಲಿಂಕ್ ಉಪಯೋಗಕ್ಕೆ ಬರುವುದಿಲ್ಲ. ಅದು ಮಗುವಿನ ಹೆಸರಿನ ಗೂಗಲ್ ಖಾತೆಗೆ ಮಾತ್ರ. ಅಂಥಲ್ಲಿ ಸೆಕ್ಯೂರಿಟಿ ಸೆಟ್ಟಿಂಗಿನಲ್ಲಿ ಆ್ಯಪ್ ಪಿನ್ (ಪರದೆಯನ್ನು ಒಂದೇ ಆ್ಯಪಿನಲ್ಲಿ ಕಟ್ಟಿಹಾಕುವ ಸೌಲಭ್ಯ) ಆನ್ ಮಾಡಿ, ಹೊರಬರಲು ಪಿನ್ ಕೇಳುವಂತೆ ಇಡಿ. ಮಗುವಿನದೇ ಟ್ಯಾಬ್ ಇದ್ದರೆ ಫ್ಯಾಮಿಲಿ ಲಿಂಕ್ ಸರಿ, ಆದರೆ ಪೇಟೆಯಿಂದ ನೀವು ಕೊಟ್ಟ ಹೆಚ್ಚುವರಿ ಸಮಯ ನೆಟ್‌ವರ್ಕ್ ಇಲ್ಲದ ಮನೆಗೆ ತಲುಪುವುದಿಲ್ಲ. ಆಗ ಪೋಷಕರ ಆ್ಯಪಿನಲ್ಲಿರುವ ಆಕ್ಸೆಸ್ ಕೋಡನ್ನು ಟ್ಯಾಬಿನಲ್ಲಿ ಹಾಕಬೇಕು.

ಮೊಬೈಲು ಇಟ್ಟ ಮರುಗಳಿಗೆ ಖಾಲಿ ಬಿಟ್ಟರೆ ಎಲ್ಲ ಕೆಡುತ್ತದೆ. ಅಟ್ಟದ ಮೇಲಿರುವ ಚೆನ್ನೆಮಣೆಯಿಂದ ಪ್ರಯೋಜನವಿಲ್ಲ, ಅದು ಗೂಡಿನ ಪಕ್ಕದಲ್ಲೇ ಇರಬೇಕು, ಹದಿನಾಲ್ಕು ಗುಳಿಯಲ್ಲೂ ನಾಲ್ಕು ನಾಲ್ಕು ಹುಣಸೆಬೀಜ ತುಂಬಿಯೇ ಇರಬೇಕು. 56 ಬೀಜ ಎಣಿಸಿ ಹಾಕುವುದರಲ್ಲೇ ಚಿಕ್ಕವರ ಉತ್ಸಾಹ ತೀರುತ್ತದೆ. ತುಂಬಿದ ಮಣೆ ಕಂಡರೆ ಕೈ ತಾನಾಗಿ ಬೀಜ ಎತ್ತುತ್ತದೆ. ಒಂದೊಂದೇ ಬೀಜ ಬಿಡುತ್ತಾ ಹೋಗುವ ಆಟ, ಪರದೆಯ ವೇಗಕ್ಕೆ ಒಗ್ಗಿದ ಕಣ್ಣನ್ನು ನಿಧಾನಕ್ಕೆ ಇಳಿಸುತ್ತದೆ. ಮಳೆ ಹೊಳವಾದಾಗ ಇಪ್ಪತ್ತು ನಿಮಿಷವಾದರೂ ಹೊರಗೆ ಕಳಿಸಿ. ಹೊರಗಿನ ಬೆಳಕು, ದೂರದ್ದು ಮಸುಕಾಗಿ ಕಾಣುವ ದೋಷವನ್ನು ತಡೆಯಲು ನೆರವಾಗುತ್ತದೆ, ಮನಸ್ಸಿಗೂ ಹಗುರ. ಇಂಬಳಕ್ಕೆ (ಜಿಗಣೆಗೆ) ಹೆದರುವುದು ಬೇಡ, ಒಂದು ಚಿಟಿಕೆ ಉಪ್ಪು ಸಾಕು.

ಇಷ್ಟೆಲ್ಲ ಮಾಡಿಯೂ ಮಗು ಮೊಬೈಲಿಗೇ ಓಡುತ್ತಿದ್ದರೆ, ಅದು ಯಾವುದರಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ಕೇಳಿ. ಓದಲು ತಡವರಿಸುವುದು, ತರಗತಿಯಲ್ಲಿ ಯಾರೋ ಅಣಕಿಸುವುದು, ಹಾಸ್ಟೆಲಿನ ಒಂಟಿತನ ಇವೆಲ್ಲ ಹೊರಗೆ ಮೊಬೈಲ್ ಹುಚ್ಚಿನಂತೆಯೇ ಕಾಣುತ್ತವೆ. ಎರಡು ವಾರ ಕಳೆದರೂ ನಿದ್ದೆ, ಊಟ, ಗೆಳೆಯರು ಮೂರೂ ದೂರವಾಗುತ್ತಿದ್ದರೆ ಕಾಯಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೋಗುವಾಗ ಆ ಏಳು ದಿನದ ಪುಟ ಜೊತೆಗಿರಲಿ.