ಸುಳ್ಳು ಹೇಳುವುದು ಸೆನ್ಸರೋ, ಕಪ್ಲರೋ?

ಇಂಜಿನ್ ನೀರಿನ (ಕೂಲೆಂಟಿನ) ಬಿಸಿ ಅಳೆಯುವ ಟೆಂಪರೇಚರ್ ಸೆನ್ಸರ್ ಕೆಟ್ಟರೆ ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಚಳಿ ಊರಿನ ಮಾತು. ಉಡುಪಿ, ಮಂಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆಯೂ ಇಂಜಿನ್‌ಗೆ ಚಳಿ ಎಂದರೇನೆಂದು ಗೊತ್ತಿರುವುದಿಲ್ಲ. ಇಲ್ಲಿ ಬರುವ ದೂರುಗಳೇ ಬೇರೆ: ಲೀಟರಿಗೆ 16 ಕೊಡುತ್ತಿದ್ದ ಕಾರು 11ಕ್ಕೆ ಇಳಿದಿದೆ, ಪ್ಲಗ್ ಬಿಚ್ಚಿದರೆ ಕಾಡಿಗೆಯ ಹಾಗೆ ಕಪ್ಪು, ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ, ಕೀ ತಿರುಗಿಸಿ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ಓಡಲು ಶುರು.

ಇದಕ್ಕೆ ಗ್ಯಾರೇಜಿನಲ್ಲಿ ಸಿಗುವ ಸುಲಭದ ಮದ್ದು ಹೊಸ ಸೆನ್ಸರ್. ನಾನು ಬಿಚ್ಚಿ ನೋಡಿದ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಸೆನ್ಸರ್ ಸರಿಯೇ ಇತ್ತು; ಕೆಟ್ಟದ್ದು ಸೆನ್ಸರಿಗೆ ವಯರ್ ಸೇರಿಸುವ ಕಪ್ಲರ್, ಅರ್ತ್ ವಯರ್, ಇಲ್ಲವೇ ಯಾರೋ ತೆಗೆದು ಬಿಸಾಡಿದ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್. ಹಾಗಾಗಿ ಅಳೆಯದೆ ಏನನ್ನೂ ಬದಲಿಸುವುದಿಲ್ಲ. ಬೇಕಾಗುವ ಸಾಮಾನು: ಒಂದು ಡಿಜಿಟಲ್ ಮಲ್ಟಿಮೀಟರ್, 110 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್, ಎರಡು ಗುಂಡುಸೂಜಿ, 330 ಓಮ್ ಮತ್ತು 2.2 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ.

ಮೊದಲು ಯಾವ ಸೆನ್ಸರ್ ಎಂದು ಗೊತ್ತು ಮಾಡಿಕೊಳ್ಳಬೇಕು. ಹಳೆಯ ಕಾರಿನಲ್ಲಿ ಒಂದೇ ನೀರಿನ ದಾರಿಯಲ್ಲಿ ಮೂರು ಬೇರೆ ಬೇರೆ ಸಾಮಾನು ಕೂತಿರಬಹುದು. ಒಂದೇ ವಯರ್ ಇದ್ದರೆ ಅದು ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುವ ಸೆಂಡರ್. ಎರಡು ವಯರ್‌ನ ಕಪ್ಲರ್ ಥರ್ಮೋಸ್ಟಾಟ್ ಹೌಸಿಂಗ್ ಬಳಿ ಇದ್ದರೆ ಅದು ಸಾಮಾನ್ಯವಾಗಿ ಇಸಿಯುಗೆ, ಅಂದರೆ ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಇಂಜಿನ್ ಕಂಪ್ಯೂಟರಿಗೆ, ಹೋಗುವ ಸೆನ್ಸರ್. ರೇಡಿಯೇಟರಿನಲ್ಲೋ ಹೌಸಿಂಗಿನಲ್ಲೋ ಇನ್ನೊಂದು ಇದ್ದರೆ ಅದು ಫ್ಯಾನಿನ ಥರ್ಮೋ ಸ್ವಿಚ್. ಕಾರ್ಬ್ಯುರೇಟರ್ ಕಾರಿಗೆ ಇಸಿಯು ಸೆನ್ಸರ್ ಸಾಮಾನ್ಯವಾಗಿ ಇರುವುದಿಲ್ಲ. ಮೀಟರ್ ಮುಳ್ಳು ಸರಿಯಾಗಿ ನಡುವೆ ನಿಂತಿದೆ, ಆದ್ದರಿಂದ ಸೆನ್ಸರ್ ಸರಿ ಎನ್ನುವುದು ಸೆಂಡರ್, ಸೆನ್ಸರ್ ಬೇರೆ ಬೇರೆ ಇರುವ ಕಾರಿನಲ್ಲಿ ತಪ್ಪು ಲೆಕ್ಕ. ಎರಡಕ್ಕೂ ಸಂಬಂಧವೇ ಇಲ್ಲ.

ಮೀಟರಿನ ಸೆಂಡರ್ ಪರೀಕ್ಷೆ ಎರಡು ನಿಮಿಷದ್ದು. ಇಗ್ನಿಶನ್ ಆನ್ ಮಾಡಿ ವಯರ್ ಎಳೆದರೆ ಮುಳ್ಳು ಪೂರ್ತಿ ಕೆಳಗೆ ಬೀಳಬೇಕು. ಅದೇ ವಯರನ್ನು ಸಣ್ಣ ಬಲ್ಬಿನ ಮೂಲಕ ಇಂಜಿನ್ ಬಾಡಿಗೆ ಎರಡು ಮೂರು ಸೆಕೆಂಡ್ ತಾಗಿಸಿದರೆ ಮೇಲೆ ಏರಬೇಕು. ಎರಡೂ ಆದರೆ ಮೀಟರ್, ವಯರ್ ಸರಿ, ಸೆಂಡರೋ ಅದರ ಅರ್ತೋ ಕೆಟ್ಟಿದೆ. ಸೋರದಿರಲಿ ಎಂದು ಸೆಂಡರಿನ ಮರೆಯ (ಥ್ರೆಡ್) ಮೇಲೆ ಪ್ಲಂಬಿಂಗ್ ಟೇಪ್ ದಪ್ಪಗೆ ಸುತ್ತಿದ್ದರೆ ಅರ್ತ್ ಸಿಗದೆ ಮುಳ್ಳು ಕಡಿಮೆ ತೋರಿಸುತ್ತದೆ, ಯಾಕೆಂದರೆ ಈ ಸೆಂಡರಿಗೆ ಅರ್ತ್ ಸಿಗುವುದು ಆ ಮರೆಯಿಂದಲೇ. ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೆ ಹೆಚ್ಚು ತೋರಿಸಿದರೆ ಬೋನೆಟ್ ಎತ್ತುವುದೇ ಬೇಡ, ಮೀಟರಿನ ಹಿಂದಿನ ವೋಲ್ಟೇಜ್ ರೆಗ್ಯುಲೇಟರ್ ನೋಡಿ.

ಇನ್ನು ಇಸಿಯು ಸೆನ್ಸರ್. ಇದರೊಳಗೆ ಇರುವುದು ಥರ್ಮಿಸ್ಟರ್: ಬಿಸಿ ಏರಿದ ಹಾಗೆ ರೆಸಿಸ್ಟೆನ್ಸ್ ಇಳಿಯುತ್ತದೆ. ನಮ್ಮ ರಸ್ತೆಯಲ್ಲಿರುವ ಜಪಾನಿ ಮೂಲದ ಹೆಚ್ಚಿನ ಕಾರುಗಳ ಸೆನ್ಸರ್ 20 ಡಿಗ್ರಿಯಲ್ಲಿ 2.2ರಿಂದ 2.7 ಕಿಲೋ ಓಮ್, 80 ಡಿಗ್ರಿಯಲ್ಲಿ 0.3 ಕಿಲೋ ಓಮ್ ಆಸುಪಾಸು ಇರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಕಪ್ಲರ್ ಕಳಚಿ ಸೆನ್ಸರಿನ ಎರಡು ಪಿನ್ ನಡುವೆ ಅಳೆದರೆ, ಗಾಳಿ 27 ಡಿಗ್ರಿ ಇದ್ದಾಗ 1.8ರ ಸುತ್ತ, 30 ಇದ್ದಾಗ 1.6ರ ಸುತ್ತ ಬರಬೇಕು. ನಿಮ್ಮ ಕಾರಿನ ಮ್ಯಾನುಯಲ್ ಸಿಕ್ಕಿದರೆ ಅದರ ಅಂಕಿಯೇ ಅಂತಿಮ. ಆಮೇಲೆ ಇಂಜಿನ್ ಓಡಿಸಿ ಫ್ಯಾನ್ ಒಮ್ಮೆ ಬಂದು ನಿಲ್ಲುವವರೆಗೆ ಕಾದು ಮತ್ತೆ ಅಳೆಯಿರಿ, 0.2, 0.25ರ ಹತ್ತಿರ ಇಳಿದಿರಬೇಕು. ಬಿಸಿ ಏರುತ್ತಾ ಹೋದಂತೆ ಮಲ್ಟಿಮೀಟರಿನ ಅಂಕಿ ಮೆಲ್ಲಗೆ, ಎಲ್ಲಿಯೂ ಹಾರದೆ ಇಳಿಯಬೇಕು. ನಡುವೆ ಒಮ್ಮೆಲೆ ಅನಂತಕ್ಕೆ ಹೋಗಿ ವಾಪಸು ಬಂದರೆ ಸೆನ್ಸರ್ ಒಳಗೆ ಬಿರುಕು ಬಿಟ್ಟಿದೆ.

ಇಷ್ಟು ಸರಿ ಬಂದರೆ ಸೆನ್ಸರಿನ ಮೇಲಿನ ಸಂಶಯ ಬಿಟ್ಟು ವಯರ್ ಕಡೆ ತಿರುಗಿ. ಕಳಚಿದ ಕಪ್ಲರಿನಲ್ಲಿ ಇಗ್ನಿಶನ್ ಆನ್ ಇದ್ದಾಗ ಒಂದು ವಯರಿನಲ್ಲಿ 5 ವೋಲ್ಟ್ ಬರಬೇಕು. ಕಪ್ಲರ್ ಮತ್ತೆ ಹಾಕಿ, ಹಿಂದಿನಿಂದ ಗುಂಡುಸೂಜಿ ತೂರಿಸಿ, ಇಂಜಿನ್ ಓಡುವಾಗ ಇನ್ನೊಂದು ವಯರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದರೆ 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ತ್ ದಾರಿಯಲ್ಲಿ ತೊಂದರೆ. ವಯರಿನ ಸಿಪ್ಪೆ ಚುಚ್ಚಿ ಅಳೆಯಬೇಡಿ. ಆ ತೂತಿನಿಂದ ಮಳೆಗಾಲದಲ್ಲಿ ನೀರು ಒಳಗೆ ಹೋಗಿ ತಾಮ್ರ ಕಪ್ಪಾಗುತ್ತದೆ, ಮುಂದಿನ ವರ್ಷದ ರಿಪೇರಿಗೆ ನೀವೇ ಬೀಜ ಹಾಕಿದ ಹಾಗೆ.

ಕರಾವಳಿಯ ಕಾರುಗಳ ಅಸಲು ರೋಗ ಇಲ್ಲಿಯೇ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಮನೆ ಹೊರಗೆ ನಿಲ್ಲುವ ಕಾರಿನ ಕಪ್ಲರ್ ರಬ್ಬರ್ ಗಟ್ಟಿಯಾಗಿ ಒಡೆದಿರುತ್ತದೆ, ಉಪ್ಪಿನ ಗಾಳಿ ಒಳಗೆ ಹೋಗಿ ಪಿನ್ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಎರಡು ಬಗೆಯಲ್ಲಿ ಇಸಿಯುವನ್ನು ಮೋಸ ಮಾಡುತ್ತದೆ, ಎರಡರ ಲಕ್ಷಣವೂ ವಿರುದ್ಧ.

ಒಂದು, ಪಿನ್ ಮತ್ತು ಕಪ್ಲರ್ ಸಂಪರ್ಕದಲ್ಲಿ ಕಿಲುಬು ಅಡ್ಡ ನಿಂತು ಹೆಚ್ಚುವರಿ ರೆಸಿಸ್ಟೆನ್ಸ್ ಕೂಡುವುದು. 1 ಕಿಲೋ ಓಮ್ ಕೂಡಿತು ಎಂದು ಇಟ್ಟುಕೊಳ್ಳಿ. ಬೆಳಿಗ್ಗೆ 1.85 ಇದ್ದದ್ದು 2.85 ಆಗುತ್ತದೆ, ಇಸಿಯು 27 ಡಿಗ್ರಿಯ ಬದಲು 16 ಎಂದು ತಿಳಿಯುತ್ತದೆ. ಸ್ವಲ್ಪ ಪೆಟ್ರೋಲ್ ಹೆಚ್ಚು ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇಂಜಿನ್ 80 ಡಿಗ್ರಿಗೆ ಬಂದಾಗ 0.32 ಇರಬೇಕಾದದ್ದು 1.32 ಆಗುತ್ತದೆ. ಇಸಿಯು ಲೆಕ್ಕದಲ್ಲಿ ಅದು 36 ಡಿಗ್ರಿ! ಬಿಸಿ ಇಂಜಿನ್‌ಗೆ ತಣ್ಣಗಿನ ಇಂಜಿನ್‌ನ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬೀಳುವುದು, ಪ್ಲಗ್ ಕಪ್ಪಾಗುವುದು ಇದರಿಂದ. ಫ್ಯಾನನ್ನೂ ಇದೇ ಸೆನ್ಸರ್ ನಂಬಿ ಇಸಿಯು ಓಡಿಸುವ ಕಾರಾದರೆ ಫ್ಯಾನ್ ಬಾರದೆ ನಂತೂರು ಸರ್ಕಲ್ ಟ್ರಾಫಿಕ್‌ನಲ್ಲಿ ಇಂಜಿನ್ ಕುದಿಯುವ ಅಪಾಯವೂ ಉಂಟು.

ಇನ್ನೊಂದು, ಎರಡು ಪಿನ್ ನಡುವೆ ಉಪ್ಪು ತೇವ ಕೂತು ಕರೆಂಟ್ ಸೋರುವುದು. 5 ಕಿಲೋ ಓಮ್‌ನ ಸೋರಿಕೆ ಇದ್ದರೆ ಬಿಸಿ ಇಂಜಿನ್‌ನಲ್ಲಿ 0.32 ಇದ್ದದ್ದು 0.30 ಆದೀತು, ಅಷ್ಟೆ. ತಣ್ಣಗಿರುವಾಗ ಮಾತ್ರ 1.85 ಹೋಗಿ 1.35 ಆಗಿ, ಇಸಿಯು 35 ಡಿಗ್ರಿ ಎಂದುಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತದೆ. ಜುಲೈ ಮಳೆಯ ಬೆಳಿಗ್ಗೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕಾಗುವುದು, ಹತ್ತು ನಿಮಿಷ ಓಡಿದ ಮೇಲೆ ಏನೂ ಆಗದ ಹಾಗೆ ಇರುವುದು ಈ ಬಗೆ. ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ ಕಪ್ಲರ್ ಒಣಗಿ ತೊಂದರೆಯೇ ಸಿಗುವುದಿಲ್ಲ.

ಈ ಎರಡರಲ್ಲೂ ಚೆಕ್ ಲೈಟ್ ಬರದಿರಬಹುದು. ಇಸಿಯುವಿನ ದೋಷದ ಕೋಡ್‌ಗಳಲ್ಲಿ ಪಿ0118 ಬರುವುದು ಸರ್ಕ್ಯೂಟ್ ತುಂಡಾಗಿ ಇಸಿಯು ಮೈನಸ್ 40ರ ಹತ್ತಿರ ಓದಿದಾಗ, ಪಿ0117 ಬರುವುದು ಶಾರ್ಟ್ ಆದಾಗ. 1.32 ಕಿಲೋ ಓಮ್ ಎನ್ನುವುದು ಇಸಿಯು ಕಣ್ಣಿಗೆ ತಪ್ಪಾದ ಅಂಕಿಯಲ್ಲ, ಆಗತಾನೆ ಸ್ಟಾರ್ಟ್ ಆದ ಇಂಜಿನ್ ಅಷ್ಟೆ. ಸ್ಕ್ಯಾನರ್ ಹಾಕಿ ಕೋಡ್ ಇಲ್ಲ ಎಂದವರ ಮಾತು ನಂಬಿ ಸುಮ್ಮನಾಗಬೇಡಿ. ಅಲ್ಲದೆ ನಮ್ಮಲ್ಲಿ ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ) ಕಡ್ಡಾಯವಾದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳ ಜೊತೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಮಾತೇ ಆಡುವುದಿಲ್ಲ.

ಸ್ಕ್ಯಾನರ್ ಮಾತಾಡುವ ಕಾರಾದರೆ ರೆಸಿಸ್ಟರ್ ಪರೀಕ್ಷೆ ಬಹಳ ಚೆನ್ನ. ಕಳಚಿದ ಕಪ್ಲರಿಗೆ ಸೆನ್ಸರ್ ಬದಲು 330 ಓಮ್ ರೆಸಿಸ್ಟರ್ ಸಿಕ್ಕಿಸಿ. ಸ್ಕ್ಯಾನರ್ 79, 80 ಡಿಗ್ರಿ ತೋರಿಸಬೇಕು. 2.2 ಕಿಲೋ ಓಮ್‌ಗೆ 23ರ ಹತ್ತಿರ. ಎರಡೂ ಸರಿ ಬಂದರೆ ವಯರ್, ಇಸಿಯು ನಿರ್ದೋಷಿ. 330ಕ್ಕೆ 50, 60 ತೋರಿಸಿದರೆ ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಕೂತಿದೆ. ಸ್ಕ್ಯಾನರ್ ನೋಡುತ್ತಾ ಕಪ್ಲರಿನಿಂದ ಹಿಂದಕ್ಕೆ ವಯರನ್ನು ಒಂದೊಂದು ಗೇಣು ಅಲುಗಾಡಿಸುತ್ತಾ ಹೋಗಿ, ಅಂಕಿ ಹಾರಿದ ಜಾಗವೇ ರೋಗದ ಜಾಗ. ಎಕ್ಸಾಸ್ಟ್ ಹತ್ತಿರ ಹಾದು ಹೋಗುವ ಕಡೆ, ಇಲಿ ಕಡಿದ ಕಡೆ ಮೊದಲು ನೋಡಿ.

ಕಿಲುಬು ತೆಗೆಯಲು ಸ್ಯಾಂಡ್ ಪೇಪರ್ ಬೇಡ, ಪಿನ್ ಮೇಲಿನ ತವರದ ಲೇಪ ಹೋಗಿ ಮೂರು ತಿಂಗಳಲ್ಲಿ ಮತ್ತೆ ಅದೇ ಕತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಲ್ಲುಜ್ಜುವ ಹಳೆ ಬ್ರಶ್‌ನಿಂದ ಉಜ್ಜಿ, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಹಚ್ಚಿ. ಹೆಣ್ಣು ಪಿನ್ ಸಡಿಲವಾಗಿದ್ದರೆ ಕಪ್ಲರನ್ನೇ ಬದಲಿಸಿ, ಸುಮ್ಮನೆ ತಿರುಚಿ ಟೇಪ್ ಸುತ್ತದೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಎಳೆಯಿರಿ.

ಥರ್ಮೋಸ್ಟಾಟ್ ಬಗ್ಗೆ ಹೇಳದಿದ್ದರೆ ಇದು ಪೂರ್ತಿಯಾಗದು. ನಮ್ಮ ಸೆಕೆಗೆ ವಾಲ್ವ್ ಯಾಕೆ ಎಂದು ಅದನ್ನು ತೆಗೆದು ಬಿಸಾಡುವ ಅಭ್ಯಾಸ ಇಲ್ಲಿ ಇನ್ನೂ ಉಂಟು. ವಾಲ್ವ್ ಇಲ್ಲದ ಇಂಜಿನ್ ಹೆದ್ದಾರಿ 66ರಲ್ಲಿ 70, 80ರ ವೇಗದಲ್ಲಿ ಹೋಗುವಾಗ 60 ಡಿಗ್ರಿ ದಾಟಲು ಕಷ್ಟಪಡುತ್ತದೆ. ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ, ಬೈಗುಳ ಅದಕ್ಕೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ: ಮೊದಲ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೆ ಬಿಸಿಯಾದರೆ ವಾಲ್ವ್ ಇದೆ, ಕೆಲಸ ಮಾಡುತ್ತಿದೆ. ಶುರುವಿನಿಂದಲೇ ಬೆಚ್ಚಗಾಗುತ್ತಾ ಬಂದರೆ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಕುದಿಯುವ ಕಾರಿಗೆ ವಾಲ್ವ್ ತೆಗೆಯುವುದು ಮದ್ದಲ್ಲ. ಕಟ್ಟಿಕೊಂಡ ರೇಡಿಯೇಟರ್, ಓಡದ ಫ್ಯಾನ್ ಹುಡುಕಬೇಕು.

ಸೆನ್ಸರೇ ಕೆಟ್ಟಿದೆಯೆಂದು ಖಚಿತವಾದರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಹೊಸದನ್ನು ಹಾಕುವ ಮೊದಲು ತಪಲೆಯಲ್ಲಿ ನೀರು ಕಾಯಿಸಿ, ತುದಿ ಮಾತ್ರ ಮುಳುಗಿಸಿ 40, 60, 80ರಲ್ಲಿ ಅಳೆಯಿರಿ. ಸೆನ್ಸರಾಗಲಿ ಥರ್ಮಾಮೀಟರಾಗಲಿ ತಳಕ್ಕೆ ತಾಗಬಾರದು. ಡಬ್ಬದಿಂದ ತೆಗೆದ ಹೊಸ ಸೆನ್ಸರೂ ಬೇರೆ ಮಾದರಿಯದ್ದಾಗಿರಬಹುದು, ಮರೆ ಒಂದೇ ಆದರೂ. ಹಿತ್ತಾಳೆಯ ಮರೆ ಅಲ್ಯೂಮಿನಿಯಂ ಹೌಸಿಂಗಿಗೆ ಹೋಗುವುದು, ಉದ್ದ ಸ್ಪಾನರ್ ಹಾಕಿ ಬಲ ಬಿಡಬೇಡಿ.

ಕೂಲೆಂಟ್ ತುಂಬುವಾಗ ಬಾವಿ ನೀರು ಬೇಡ. ರೆಡಿಮಿಕ್ಸ್, ಇಲ್ಲವೇ ಕಾನ್ಸಂಟ್ರೇಟಿಗೆ ಡಿಸ್ಟಿಲ್ಡ್ ವಾಟರ್. ಕ್ಯಾಪ್ ತೆರೆದೇ ಇಂಜಿನ್ ಓಡಿಸಿ, ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಇರಿ. ಸೆನ್ಸರ್ ತುದಿ ಗಾಳಿಯಲ್ಲಿ ನಿಂತರೆ ಇಂಜಿನ್ ಕುದಿಯುತ್ತಿರುವಾಗಲೂ ಕಡಿಮೆ ಅಂಕಿ ತೋರಿಸುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ಮಟ್ಟ ನೋಡಿ, ಅರ್ಧ ಲೀಟರಿನಷ್ಟು ಇಳಿದಿರುವುದುಂಟು. ಆಗುಂಬೆ ಘಾಟಿ ಹತ್ತುವುದು ಅದಾದ ಮೇಲೆ.