ಮಂಡಿ ಸವೆದಿದೆ ಅಂದರು, ಮುಂದೇನು?

ಎಕ್ಸ್‌ರೇ ಕವರ್ ಹಿಡಿದು ಹೊರಗೆ ಬಂದವರೆಲ್ಲ ಕೇಳುವುದು ಒಂದೇ: ಆಪರೇಷನ್ ಮಾಡಿಸಲೇಬೇಕಾ? ಹೆಚ್ಚಿನವರಿಗೆ ಈಗಲೇ ಬೇಕಾಗುವುದಿಲ್ಲ. ಎಕ್ಸ್‌ರೇಯಲ್ಲಿ ಸವೆತ ಜಾಸ್ತಿ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ, ಸ್ವಲ್ಪವೇ ಕಂಡರೂ ಮೆಟ್ಟಿಲು ಹತ್ತಲಾಗದೆ ಒದ್ದಾಡುವವರಿದ್ದಾರೆ. ಹಾಗಾಗಿ ರಿಪೋರ್ಟಿನಲ್ಲಿ ಸವೆತದ ಮಟ್ಟ ಗ್ರೇಡ್ 3, ಗ್ರೇಡ್ 4 ಅಂತ ಓದಿ ಹೆದರಬೇಡಿ. ರಾತ್ರಿ ನಿದ್ದೆ ಬರುತ್ತದಾ, ಅಂಗಡಿಗೆ ಹೋಗಿ ಬರಲು ಆಗುತ್ತದಾ, ಅದನ್ನು ನೋಡಿ.

ಸವೆತದ ನೋವೇನಾ ಅಂತ ಖಚಿತ ಮಾಡಿಕೊಳ್ಳಿ

ವಯಸ್ಸು 45 ದಾಟಿದೆ, ನಡೆದರೆ ನೋವು, ಕೂತರೆ ಕಡಿಮೆ, ಬೆಳಗ್ಗೆ ಮಂಡಿ ಹಿಡಿದುಕೊಂಡರೂ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ ಅಂದರೆ ಬಹುತೇಕ ಸವೆತವೇ. ಇದಕ್ಕೆ ಎಂಆರ್‌ಐ ಸಾಮಾನ್ಯವಾಗಿ ಬೇಕಿಲ್ಲ. ಬಿಗಿತ ತುಂಬಾ ಹೊತ್ತು ಬಿಡದೆ ಕೈಬೆರಳ ಗೆಣ್ಣುಗಳೂ ಊದಿದ್ದರೆ ಅದು ಬೇರೆ ಥರದ ಸಂಧಿವಾತ ಇರಬಹುದು, ಅದರ ಔಷಧಿಯೇ ಬೇರೆ. ಮಂಡಿ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ತೊಡೆಗೆ ಕೆಲಸ ಕೊಡಿ

ನಡೆದರೆ ಇನ್ನೂ ಸವೆಯುತ್ತದೆ ಅಂತ ಮನೆಯವರು ಕೂರಿಸಿಬಿಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ದಯವಿಟ್ಟು ಕೇಳಬೇಡಿ. ಕೂತಲ್ಲೇ ಕೂತರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಅದು ಹೊರಬೇಕಾದ ಭಾರ ಕೀಲಿನ ಮೇಲೆ ಬೀಳುತ್ತದೆ, ನೋವು ಜಾಸ್ತಿಯಾಗುತ್ತದೆ, ಮತ್ತೆ ಕೂರುತ್ತೀರಿ.

ಕಾಲು ನೀಡಿ ಕೂತು ಮಂಡಿಯ ಕೆಳಗೆ ಟವೆಲ್ ಸುತ್ತಿ ಇಡಿ. ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ, ಐದು ಎಣಿಸಿ, ಬಿಡಿ. ತೊಡೆಯ ಮೇಲೆ ಕೈಯಿಟ್ಟುಕೊಂಡರೆ ಸ್ನಾಯು ಕಲ್ಲಿನಂತೆ ಗಟ್ಟಿಯಾಗುವುದು ಗೊತ್ತಾಗಬೇಕು. 10 ಸಲ ಸಾಕು. ಆಮೇಲೆ ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಕೈ ಊರದೆ ಎದ್ದು ನಿಲ್ಲಿ, ಕೂರುವಾಗ ದೊಪ್ಪನೆ ಬೀಳದೆ ನಿಧಾನಕ್ಕೆ ಇಳಿಯಿರಿ. ಆಗದಿದ್ದರೆ ದಿಂಬು ಹಾಕಿ ಕುರ್ಚಿ ಎತ್ತರ ಮಾಡಿಕೊಳ್ಳಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನವೂ ಉಳಿದರೆ ಅಥವಾ ಮಂಡಿ ಊದಿದರೆ ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಫಲ ಕಾಣಲು 6ರಿಂದ 12 ವಾರ ಬೇಕು. ಎರಡನೇ ವಾರಕ್ಕೆ ಬೇಸತ್ತು ಬಿಡುವವರೇ ಜಾಸ್ತಿ, ಅದೇ ಬೇಜಾರಿನ ಸಂಗತಿ.

ತೂಕ ಜಾಸ್ತಿ ಇದ್ದವರು 1 ಕಿಲೋ ಇಳಿಸಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ತಗ್ಗುತ್ತದೆ. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿರಲಿ. ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚುವುದನ್ನು ಕಟ್ಟೆಯ ಮೇಲಿನ ಚಾಕುವಿಗೆ ಬದಲಾಯಿಸಿ. ಇಂಡಿಯನ್ ಟಾಯ್ಲೆಟ್ ಇದ್ದರೆ ಅದರ ಮೇಲಿಡುವ ಕಮೋಡ್ ಸ್ಟೂಲ್ ಸಿಗುತ್ತದೆ.

ಜೆಲ್, ಮಾತ್ರೆ, ಇಂಜೆಕ್ಷನ್

ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್. ನುಂಗುವ ನೋವಿನ ಮಾತ್ರೆಗೆ ಆಮೇಲೆ ಹೋಗಿ, ಅದೂ ಕೆಲವು ದಿನಕ್ಕೆ ಮಾತ್ರ. ಬಿಪಿ, ಶುಗರ್, ಕಿಡ್ನಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪ್‌ನಿಂದ ತಂದು ತಿಂಗಳುಗಟ್ಟಲೆ ನುಂಗುವುದು ನಿಜಕ್ಕೂ ಅಪಾಯ.

ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆ ಬಿಡುವಲ್ಲಿ ವ್ಯಾಯಾಮ ಶುರು ಮಾಡಿದರೆ ಲಾಭ. ಶುಗರ್ ಕೆಲವು ದಿನ ಏರಬಹುದು. ಪದೇ ಪದೇ ಬೇಡ: 2 ವರ್ಷ ಮೂರು ತಿಂಗಳಿಗೊಮ್ಮೆ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದಲ್ಲಿ ಮೂಳೆ ತುದಿಯ ಮೆತ್ತೆಯಂಥ ಮೃದ್ವಸ್ಥಿ ಇನ್ನಷ್ಟು ತೆಳುವಾಗಿತ್ತು. ಸ್ವಂತ ರಕ್ತದಿಂದ ಮಾಡುವ ಪಿಆರ್‌ಪಿ ಇಂಜೆಕ್ಷನ್‌ಗೆ ತುಂಬಾ ದುಡ್ಡು ಕೇಳುತ್ತಾರೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 288 ಜನರಲ್ಲಿ ಹೋಲಿಸಿ ನೋಡಿದಾಗ ವರ್ಷದ ಕೊನೆಗೆ ನೋವಿನ ವಿಷಯದಲ್ಲಿ ಅದಕ್ಕೂ ಬರೀ ಉಪ್ಪುನೀರಿನ ಇಂಜೆಕ್ಷನ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಾಲ ಮಾಡಿ ಹಾಕಿಸಿಕೊಳ್ಳಬೇಡಿ. ದೂರ್ಬೀನು ತೂರಿಸಿ ಒಳಗೆ ತೊಳೆಯುವ ಆಪರೇಷನ್ ಕೂಡ ಸವೆತಕ್ಕೆ ಉಪಯೋಗವಿಲ್ಲ. 2002ರಲ್ಲೇ ಅಮೆರಿಕದ ಹ್ಯೂಸ್ಟನ್‌ನ ವೈದ್ಯರು ಬರೀ ಚರ್ಮ ಕೊಯ್ದು ಹೊಲಿದ ರೋಗಿಗಳ ಜೊತೆ ಹೋಲಿಸಿ ಇದನ್ನು ತೋರಿಸಿದ್ದಾರೆ.

ಮಂಡಿ ಬದಲಾವಣೆ ಯಾವಾಗ?

ಮೂರರಿಂದ ಆರು ತಿಂಗಳು ವ್ಯಾಯಾಮ ಬಿಡದೆ ಮಾಡಿಯೂ ನೋವು ನಿದ್ದೆ ಕೆಡಿಸುತ್ತಿದ್ದರೆ, ನಡೆಯುವ ದೂರ ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಸುಮ್ನೆ ಮುಂದೂಡಬೇಡಿ. ಕೃತಕ ಮಂಡಿ ಹತ್ತು ವರ್ಷವೂ ಬರಲ್ಲ ಅನ್ನುವುದು ಸುಳ್ಳು: ಪೂರ್ತಿ ಬದಲಿಸಿದ 100ರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ಒಳಬದಿ ಮಾತ್ರ ಸವೆದಿದ್ದರೆ ಅರ್ಧ ಮಂಡಿ ಬದಲಾಯಿಸಬಹುದಾ ಅಂತ ಕೇಳಿ. ಇನ್ನೂ ಚಿಕ್ಕ ವಯಸ್ಸಿನವರಿಗೆ, ಕಾಲು ಬಾಗಿದ್ದರೆ, ಮೂಳೆ ಕತ್ತರಿಸಿ ನೇರ ಮಾಡುವ ದಾರಿಯೂ ಇದೆ. ಆದರೆ ಮಂಡಿ ಬದಲಾಯಿಸಿಕೊಂಡವರೆಲ್ಲರೂ ಖುಷಿಯಾಗಿಲ್ಲ, ಕೆಲವರಿಗೆ ನೋವು ಉಳಿದುಬಿಡುತ್ತದೆ. ಸೋಂಕು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಸ್ವಲ್ಪ ಇದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಬಹುತೇಕರಿಗೆ ಆಗುವುದಿಲ್ಲ, ಪೂಜೆಗೆ, ಊಟಕ್ಕೆ ಕುರ್ಚಿಯೇ ಅಂತ ಮೊದಲೇ ಮನಸ್ಸು ಮಾಡಿಕೊಳ್ಳಿ.

ಖರ್ಚಿನ ಬಗ್ಗೆ ಸಂಕೋಚ ಬೇಡ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು, ಆಗ ಕೋಬಾಲ್ಟ್ ಕ್ರೋಮಿಯಂ ಲೋಹದ್ದಕ್ಕೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಬಿಲ್‌ನಲ್ಲಿ ಇಂಪ್ಲಾಂಟ್, ಅಂದರೆ ಕೃತಕ ಮಂಡಿಯ ಬೆಲೆ ಬೇರೆ ತೋರಿಸಿ ಅಂತ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಸರ್ಕಾರದ ಆರೋಗ್ಯ ಯೋಜನೆಯ ನೆರವಿನ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆಂದೇ ಇರುವ ಸಿಬ್ಬಂದಿ, ಆರೋಗ್ಯ ಮಿತ್ರರನ್ನು ವಿಚಾರಿಸಿ.

ಆಪರೇಷನ್ ಆಗುವವರೆಗೆ ಶುಗರ್ ಹತೋಟಿಗೆ ತನ್ನಿ, ಹಲ್ಲಿನ ಸೋಂಕಿದ್ದರೆ ತೋರಿಸಿ, ಬಚ್ಚಲಲ್ಲಿ ಹಿಡಿ ಹಾಕಿಸಿ, ಟವೆಲ್ ವ್ಯಾಯಾಮ ಮುಂದುವರಿಸಿ. ಮೊದಲ 6 ವಾರ ಮನೆಯಲ್ಲಿ ಯಾರಿರುತ್ತಾರೆ, ಫಿಸಿಯೋಥೆರಪಿಗೆ ಕರೆದೊಯ್ಯುವವರು ಯಾರು ಅನ್ನುವುದು ಗೊತ್ತಾದ ಮೇಲೆಯೇ ಆಪರೇಷನ್ ದಿನ ಗೊತ್ತುಮಾಡಿ.