ಜಿಗಿಯುವ ಮೊದಲು ಇಳಿಯಲು ಕಲಿಸಿ

ವಲಯ ಮಟ್ಟದ ಕ್ರೀಡಾಕೂಟಕ್ಕೆ ಹದಿನೈದು ದಿನವಿದೆ ಎನ್ನುವಾಗ ಶಾಲಾ ಮೈದಾನದಲ್ಲಿ ವಾಲಿಬಾಲ್ ನೆಟ್ ಏಳುತ್ತದೆ. ವರ್ಷವಿಡೀ ಚೆಂಡು ಮುಟ್ಟದ ಮಕ್ಕಳು ದಿನಕ್ಕೆರಡು ಹೊತ್ತು ಸ್ಮ್ಯಾಶ್ ಹೊಡೆಯುತ್ತಾರೆ. ಎರಡನೆಯ ವಾರಕ್ಕೆ ಅತ್ಯುತ್ತಮ ಆಟಗಾರನೇ ಕುಂಟುತ್ತಾನೆ. ಇದನ್ನು ನೋಡಿ ನೋಡಿ ಬೇಸತ್ತು ಬರೆಯುತ್ತಿದ್ದೇನೆ.

ಮೊದಲು ನೆಟ್ ಇಳಿಸಿ. 2.43 ಮೀಟರ್ ಎತ್ತರ ವಯಸ್ಕ ಪುರುಷರದ್ದು; ಏಳನೇ ತರಗತಿಯ ಹುಡುಗನಿಗಲ್ಲ. ಮೈ ಬಿಸಿಯಾಗಲು ಹತ್ತು ನಿಮಿಷ ಸಾಕು.

ಇನ್ನು ಇಳಿಯುವ ಪಾಠ. ಎಲ್ಲರೂ ಹಾರುವುದನ್ನು ಕಲಿಸುತ್ತಾರೆ, ಇಳಿಯುವುದನ್ನು ಯಾರೂ ಕಲಿಸುವುದಿಲ್ಲ. ಮೊಣಕಾಲು ಕೆಡುವುದು ಇಲ್ಲಿಯೇ. ಒಂದಡಿ ಎತ್ತರದ ಕಟ್ಟೆಯಿಂದ ಮಗುವಿಗೆ ಕೆಳಗೆ ಹಾರಲು ಹೇಳಿ. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು. ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಕುರ್ಚಿಯ ಮೇಲೆ ಕೂರಲು ಹೊರಟವರಂತೆ ಸೊಂಟ ಹಿಂದಕ್ಕೆ ಹೋಗಿ ಮೊಣಕಾಲು ಮಡಿಯಬೇಕು. ಎದುರಿಗೆ ನಿಂತು ನೋಡಿ: ಮೊಣಕಾಲುಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರವಾದರೆ ಅಲ್ಲಿಯೇ ನಿಲ್ಲಿಸಿ ತಿದ್ದಿ. ನೀವು ಕಣ್ಣು ಮುಚ್ಚಿ, ಸದ್ದು ಕೇಳಿಯೂ ಪರೀಕ್ಷಿಸಬಹುದು. ಧಡ್ ಎಂಬ ಸದ್ದು ಬಂದರೆ ಇಳಿದದ್ದು ತಪ್ಪು.

ಮಣ್ಣಿನ ಅಂಕಣವಾದರೆ ಇನ್ನೂ ಒಳ್ಳೆಯದು. ನೆಟ್ ಬುಡದಲ್ಲಿ ನೀರು ಚಿಮುಕಿಸಿ ಸ್ಮ್ಯಾಶ್ ಮಾಡಿಸಿ, ಹೆಜ್ಜೆ ಗುರುತು ಓದಿ. ಬಲಗೈ ಆಟಗಾರರಲ್ಲಿ ಎಡಪಾದದ ಗುರುತೇ ಆಳವಾಗಿ ಬೀಳುವುದು ಹೆಚ್ಚು. ಮೈಯ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದದ್ದಕ್ಕೆ ಅದು ಸಾಕ್ಷಿ. ಎರಡೂ ಗುರುತು ಸಮನಾಗುವವರೆಗೆ ಚೆಂಡು ಕೊಡಬೇಡಿ, ಎಷ್ಟೇ ಗೋಗರೆದರೂ.

ಮುಂದಿನದು ಜಿಗಿತದ ಲೆಕ್ಕ. ಹನ್ನೆರಡರಿಂದ ಹದಿನಾಲ್ಕು ವರ್ಷದವರಿಗೆ ಒಂದು ಅಭ್ಯಾಸಕ್ಕೆ 40 ಜಿಗಿತ, ವಾರಕ್ಕೆ ಮೂರು ದಿನ. ಶುರುವಿಗೆ ಇದು ನನ್ನ ಕಟ್ಟುನಿಟ್ಟಿನ ಮಿತಿ. ಎದುರಾಳಿಯ ಹೊಡೆತ ತಡೆಯಲು ಬ್ಲಾಕ್ ಹಾರಿದ್ದೂ ಅದರಲ್ಲಿಯೇ ಸೇರಬೇಕು. ನೋವಿಲ್ಲದಿದ್ದರೆ ಮಾತ್ರ ಆ ನಲವತ್ತನ್ನು ವಾರಕ್ಕೆ ಐದೈದು ಜಿಗಿತದಂತೆ ಹೆಚ್ಚಿಸಿ. ಉಳಿದ ಹೊತ್ತಿನಲ್ಲಿ ಪಾಸಿಂಗ್, ಲಿಫ್ಟಿಂಗ್ (ಸ್ಮ್ಯಾಶ್‌ಗೆ ಚೆಂಡು ಎತ್ತಿಕೊಡುವುದು), ಸರ್ವಿಸ್ ಕಲಿಸಿ. ಸರ್ವಿಸ್ ತಪ್ಪಿದವನಿಗೆ ಐವತ್ತು ಕಪ್ಪೆ ಜಿಗಿತದ ಶಿಕ್ಷೆ ಕೊಡುವ ಪದ್ಧತಿಯನ್ನು ಇಂದೇ ಬಿಡಿ. ದಣಿದ ಕಾಲು ಕಲಿತ ಇಳಿತವನ್ನೆಲ್ಲ ಮರೆಯುತ್ತದೆ.

ಮೊಣಕಾಲು ಚಿಪ್ಪಿನ ಕೆಳಗಿನ ಮೂಳೆಯ ಉಬ್ಬನ್ನು ಬೆರಳಿನಿಂದ ಒತ್ತಿದಾಗ ಮಗು ಚೀರಿದರೆ ‘ಸುಮ್ಮನೆ ನೆಪ’ ಎನ್ನಬೇಡಿ. ಎತ್ತರ ಸರ್ರನೆ ಏರುವ ವಯಸ್ಸಿನಲ್ಲಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೃದು. ತೊಡೆಯ ಬಲವಾದ ಸ್ನಾಯು ಪ್ರತಿ ಜಿಗಿತದಲ್ಲೂ ಅದನ್ನು ಜಗ್ಗುತ್ತದೆ. ವೈದ್ಯರು ಇದನ್ನು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಜಿಗಿತ ಕಡಿಮೆ ಮಾಡಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಊತವಿದ್ದರೆ, ಕುಂಟುತ್ತಿದ್ದರೆ, ರಾತ್ರಿಯೂ ನೋವಿದ್ದರೆ ಮೂಳೆ ತಜ್ಞರಲ್ಲಿಗೆ ಕರೆದೊಯ್ಯಿರಿ. ಅಗ್ಗದ ನೀ ಕ್ಯಾಪ್ ಏರಿಸಿ, ನೋವಿನ ಮುಲಾಮು ಸವರಿ ಆಡಿಸುವುದು ಚಿಕಿತ್ಸೆಯಲ್ಲ. ಆ ದುಡ್ಡಿಗೆ ಹಿಡಿತವಿರುವ ಚಪ್ಪಟೆ ಅಡಿಯ ಶೂ ಕೊಡಿಸಿ. ದಪ್ಪ ಹಿಮ್ಮಡಿಯ ಓಟದ ಶೂನಲ್ಲಿ ಪಕ್ಕಕ್ಕೆ ಸರಿಯುವಾಗ ಕಣಕಾಲು ಉಳುಕುವ ಭಯವಿದೆ.

ಪಂದ್ಯದ ಹಿಂದಿನ ದಿನ ಒಂದು ಜಿಗಿತವೂ ಬೇಡ. ಇಪ್ಪತ್ತು ಸರ್ವಿಸ್ ಹಾಕಿಸಿ, ಕತ್ತಲಾಗುವ ಮೊದಲೇ ಮನೆಗೆ ಕಳುಹಿಸಿ.